ಬಾಗಿಲಿಗೆ ಬೋರಲು ಬುಟ್ಟಿ

ಆಷಾಢ ಏಕಾದಶಿ ಕಳೆದು ಹುಣ್ಣಿಮೆಯೂ ಆಗಿಹೋಗಿತ್ತು. ಪಂಢರಪುರಕ್ಕೆ ನಡೆದು ಹೋದವರು ಒಬ್ಬೊಬ್ಬರಾಗಿ ದೇಹೂ ರೋಡಿನ ನಮ್ಮ ಕೇರಿಗೆ ತಿರುಗಿ ಬರುತ್ತಿದ್ದರು. ನನ್ನ ಅಕ್ಕ ಸಾವಂತ್ರವ್ವ ಬಂದಿರಲಿಲ್ಲ. ದಾರಿಯಲ್ಲಿ ಯಾರ ಜೊತೆಗೋ ಜಗಳಕ್ಕೆ ನಿಂತಿರಬೇಕು ಎಂದು ನಾನು ನನ್ನ ಹೆಂಡತಿ ಪಾರವ್ವನಿಗೆ ಹೇಳಿದ್ದೆ.

ಅಂದು ಬೆಳಿಗ್ಗೆ ಏಕನಾಥ ಬಂದ. ಅವನ ಹೆಗಲಲ್ಲಿ ಎರಡು ಗಂಟುಗಳಿದ್ದವು. ಒಂದು ಅವನದು. ಇನ್ನೊಂದನ್ನು ನಾನು ದೂರದಿಂದಲೇ ಗುರುತು ಹಿಡಿದೆ. ಅಕ್ಕನ ಹಳೆಯ ಹಸಿರು ಸೀರೆಯ ತುಂಡು ಅದು.

ಅವನು ನಮ್ಮ ಹೊಸ್ತಿಲ ಮೇಲೆ ಕೂತ. ಗಂಟನ್ನು ನನ್ನ ಮುಂದಿಟ್ಟ.

"ಗೂಳಪ್ಪ ದಾದಾ, ಅಕ್ಕ ಬರೂದಿಲ್ಲ," ಎಂದ.

ನಾನು ಗಂಟನ್ನು ಹತ್ತಿರಕ್ಕೆ ಎಳೆದುಕೊಂಡೆ. ಪಾರವ್ವ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು. ಅವಳೇ ಕೇಳಿದಳು.

"ಭಾಳ ತ್ರಾಸಾತೇನು ಅಕಿಗೆ?"

"ಇಲ್ಲ ವೈನಿ. ನನ್ನ ಬೈಕೋತ ಹೋದಳು."

ಪಾರವ್ವನಿಗೆ ಅಳು ಬಂದಿತ್ತು. ಈ ಮಾತಿಗೆ ನಗುವೂ ಬಂತು. ಎರಡೂ ಕೂಡಿ ಬಂದಾಗ ಮನುಷ್ಯರ ಮುಖ ಹೇಗಾಗುತ್ತದೆಂದು ಆ ದಿನ ನೋಡಿದೆ. ನನ್ನ ಮುಖವೂ ಹಾಗೆಯೇ ಇದ್ದಿರಬೇಕು.

ಈ ವರ್ಷ ಪಂಢರಪುರದ ಗುಡಿಯ ಬಾಗಿಲು ನಮ್ಮ ಜನಕ್ಕೆ ತೆರೆಯಿತು. ನಾವು ತಲೆಮಾರುಗಳಿಂದ ಮೆಟ್ಟಿಲ ಹೊರಗೆ ನಿಂತು ಕೈಮುಗಿದು ತಿರುಗಿ ಬಂದವರು. ಅಕ್ಕ ಒಳಗೆ ಹೋಗಿ ವಿಠಲನ ಪಾದದ ಮೇಲೆ ಹಣೆ ಇಟ್ಟಳಂತೆ. ಬರುವ ದಾರಿಯಲ್ಲಿ ಬೇವಿನ ನೆರಳಿನಲ್ಲಿ ಮಲಗಿದಳಂತೆ. ಏಳಲಿಲ್ಲವಂತೆ. ಜೊತೆಗೆ ನಡೆದ ದಿಂಡಿಯವರೇ ಮಣ್ಣು ಮಾಡಿ ಬಂದರು. ಏಕನಾಥನೇ ಗುಂಡಿ ತೋಡಿದ.

ಏಕನಾಥ ನಮ್ಮ ಜಾತಿಯವನಲ್ಲ. ಒಂದು ಕಾಲದಲ್ಲಿ ಇದೇ ಏಕನಾಥ ಎತ್ತರದಿಂದ ನಮ್ಮ ಬೊಗಸೆಗೆ ನೀರು ಸುರಿಯುತ್ತಿದ್ದ. ನಮ್ಮ ನೆರಳು ಸೋಕಿದರೆ ಮೈ ತೊಳೆದುಕೊಳ್ಳುತ್ತಿದ್ದ. ಅವನು ನನ್ನ ಅಕ್ಕನ ಗಂಟು ಹೊತ್ತು ತಂದು, ನನ್ನ ಹೊಸ್ತಿಲಲ್ಲಿ ಕೂತು ಕಣ್ಣೊರೆಸಿಕೊಂಡ. ಇದು ಹೇಗಾಯಿತೆಂಬುದನ್ನು ಬರೆದಿಡುತ್ತೇನೆ. ಬರೆಯದಿದ್ದರೆ ಮೊಮ್ಮಕ್ಕಳು ನೀರು ತಾನಾಗಿಯೇ ನಮ್ಮ ಕೈಗೆ ಬಂತೆಂದು ತಿಳಿದಾರು.

ನಾವು ಹೊಲೆಯರು. ವಿಜಾಪುರದ ಕಡೆಯವರು. ಮೊದಲ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ನಮ್ಮ ಕೇರಿಯೇ ಎದ್ದು ಪುಣೆಯ ಕಡೆಗೆ ಬಂತು. ದೇಹೂ ರೋಡು ಮತ್ತು ತಳೇಗಾಂವ ದಾಭಾಡೆಯ ನಡುವೆ ಒಂದು ಗುಡ್ಡ. ಗುಡ್ಡದ ಹೊಟ್ಟೆಯಲ್ಲಿ ಕರಿಕಲ್ಲಿನ ಖಣಿ. ಮಾರ್ತಾಂಡ ಸೇಠ ಎಂಬ ಗುತ್ತಿಗೆದಾರ ಅಲ್ಲಿಂದ ರೈಲಿನವರಿಗೆ ಕಲ್ಲು ಕೊಡುತ್ತಿದ್ದ.

ಕೆಲಸ ಹೀಗಿತ್ತು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸುರಂಗ ಹಾರಿಸುತ್ತಿದ್ದರು. ಹಾರಿದ ದೊಡ್ಡ ಕಲ್ಲನ್ನು ಉಳಿಯವರು ಕಟೆಯುತ್ತಿದ್ದರು. ಅವರು ಮೇಲಿನ ಜಾತಿಯವರು. ಉಳಿದ ಚೂರು, ಪುಡಿ, ಕಸವನ್ನು ನಮ್ಮ ಹೆಂಗಸರು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಗುಂಡಿಯಿಂದ ಮೇಲೆ ತರುತ್ತಿದ್ದರು. ನಾವು ಗಂಡಸರು ಮೇಲೆ ಕೂತು ಚೂರನ್ನು ಸುತ್ತಿಗೆಯಿಂದ ಒಡೆದು ಖಡಿ ಮಾಡುತ್ತಿದ್ದೆವು. ಅಕ್ಕನ ನೆತ್ತಿಯಲ್ಲಿ ಬುಟ್ಟಿಯ ಕೆಳಗಿನ ಬಟ್ಟೆಯ ಸಿಂಬಿ ಕೂತು ಕೂತು ಕೂದಲು ಉದುರಿತ್ತು. ಅಂಗೈಯಷ್ಟು ಜಾಗ ಬೋಳಾಗಿತ್ತು. "ದೇವರು ಬುಟ್ಟಿ ಇಡಾಕಂತ ಜಾಗಾ ಮಾಡಿಕೊಟ್ಟಾನ," ಎನ್ನುತ್ತಿದ್ದಳು.

ಮಧ್ಯಾಹ್ನ ಉಳಿಯವರು ಚಪ್ಪರದಲ್ಲಿ ಕೂತು ಉಣ್ಣುತ್ತಿದ್ದರು. ನಾವು ಬಿಸಿಲಿನಲ್ಲಿ. ನೀರಿನ ಪೀಪಾಯಿ ಚಪ್ಪರದ ಒಳಗೆ. ನಾವು ಪೀಪಾಯಿಯನ್ನು ಮುಟ್ಟುವಂತಿರಲಿಲ್ಲ. ಚಪ್ಪರದ ಹೊರಗೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಬೊಗಸೆ ಒಡ್ಡಬೇಕು. ನೀರು ಕೊಡುವ ಕೆಲಸದ ಏಕನಾಥ ತಂಬಿಗೆ ಎತ್ತಿ ಹಿಡಿದು ಮೇಲಿನಿಂದ ಸುರಿಯಬೇಕು. ಅವನಿಗೆ ಮನಸ್ಸು ಬಂದಾಗ ಸುರಿಯಬೇಕು. ಅರ್ಧ ನೀರು ಮೊಣಕೈಯಿಂದ ಇಳಿದು ನೆಲಕ್ಕೆ ಹೋಗುತ್ತಿತ್ತು. ಬಾಯಾರಿದ ನೆಲ ನಮ್ಮ ಪಾಲಿನದನ್ನು ಕುಡಿಯುತ್ತಿತ್ತು.

ಈ ಖಣಿಗೆ ಓವನ್ ಸಾಹೇಬ ಬಂದ. ಸುರಂಗ ಹಾರಿಸುವ ಮೇಲ್ವಿಚಾರಕ. ಮುಖ ಇಟ್ಟಿಗೆಯ ಬಣ್ಣ. ಕೈಯಲ್ಲಿ ನಮ್ಮಂತೆಯೇ ಆಣಿ ಕಟ್ಟಿತ್ತು. ಹೆಂಗಸರು ಮೊದಲು ಆ ಕೈಯನ್ನೇ ನೋಡಿದರು.

ಮೊದಲ ದಿನ ಅವನು ಊಟದ ಡಬ್ಬಿ ಹಿಡಿದು ಚಪ್ಪರಕ್ಕೆ ಹೋದ. ಉಳಿಯವರ ಮುಖ್ಯಸ್ಥ ಕೃಷ್ಣಾಜಿ ಎದ್ದು ಕೈಮುಗಿದ. "ಸಾಹೇಬ್ರು ಇಲ್ಲಿ ಕೂಡಬಾರದು, ಬಂಗಲೆಗೆ ಹೋಗಬೇಕು," ಎಂದು ಬಹಳ ನಯವಾಗಿ ಹೇಳಿದ. ಸಾಹೇಬ ತನಗೆ ದೊಡ್ಡ ಮರ್ಯಾದೆ ಕೊಟ್ಟರೆಂದು ತಿಳಿದ. ಬಂಗಲೆ ದೂರ. ಅವನು ಹೊರಗೆ ಬಂದು ನಮ್ಮ ಹತ್ತಿರ ಒಂದು ಕಲ್ಲಿನ ಮೇಲೆ ಕೂತ.

ಅಕ್ಕ ಅವನ ಡಬ್ಬಿಯ ಕಡೆ ನೋಡಿದಳು. ಅವನ ಮುಖದ ಕಡೆ ನೋಡಿದಳು.

"ಸಾಹೇಬ, ನಿನ್ನ ಡಬ್ಬ್ಯಾಗ ದನದ ಖಂಡ ಅದ. ಅದಕ್ಕ ಹೊರಗ ಹಾಕಿದ್ರು. ನೀನೂ ನಮ್ಮವನ ಆದಿ. ಸರಿದು ಕೂಡು."

ಸಾಹೇಬನಿಗೆ ಇದು ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ನಕ್ಕ. ಕೆಮ್ಮು ಬರುವವರೆಗೆ ನಕ್ಕ. ಆ ದಿನದಿಂದ ಅವನ ಊಟ ನಮ್ಮ ಜೊತೆ. ಅವನ ಹತ್ತಿರ ಛತ್ರಿ ಇತ್ತು, ತನ್ನದೇ ನೀರಿನ ಬಾಟಲಿ ಇತ್ತು. ಆದ್ದರಿಂದ ಹೊರಗೆ ಕೂತರೂ ಅವನು ನಮ್ಮಷ್ಟು ಹೊರಗಿನವನಲ್ಲ ಎಂಬುದನ್ನು ಅಕ್ಕ ಅವನಿಗೆ ಆಗಾಗ ಹೇಳುತ್ತಿದ್ದಳು.

ಅವನ ಮಾತು ಮರಾಠಿ, ಹಿಂದೂಸ್ತಾನಿ, ಹೆಂಗಸರಿಂದ ಕಲಿತ ಕನ್ನಡ ಮೂರನ್ನೂ ಕಲಸಿದ ಮಾತು. ನಾನು ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಅವನನ್ನು ಇಂಗ್ಲಿಷ್ ಸಾಹೇಬ ಎಂದರೆ ಸಿಟ್ಟು. ತನ್ನದು ವೇಲ್ಸ್ ಎಂಬ ಸೀಮೆ. ತನ್ನ ಭಾಷೆ ಬೇರೆ ಎನ್ನುತ್ತಿದ್ದ. ಊರಿನ ಹೆಸರು ಹೇಳಬೇಕಾದರೆ ನಾಲಿಗೆಯನ್ನು ಹಲ್ಲಿಗೆ ಒತ್ತಿ ಪಕ್ಕದಿಂದ ಗಾಳಿ ಬಿಡಬೇಕು. ನಮ್ಮ ಹೆಂಗಸರು ಕಲಿಯಲು ಹೋದರು. ಬಾಯಲ್ಲಿ ಎಲೆ ಅಡಿಕೆ ಇತ್ತು. ಎದುರಿಗೆ ಕೂತವರ ಮುಖವೆಲ್ಲ ಕೆಂಪಾಯಿತು. ಆಮೇಲೆ ಎಲ್ಲರೂ ಅದನ್ನು ಸಾಹೇಬನ ಊರು ಎಂದೇ ಕರೆದರು.

ಸಾಹೇಬನ ಊರು ಸಣ್ಣದು. ಗುಡ್ಡದ ಮೈಗೆ ಅಂಟಿದ ಒಂದೇ ಬೀದಿ. ಮೇಲೆ ಕಲ್ಲಿನ ಖಣಿ. ಆ ಕಲ್ಲು ಹಪ್ಪಳದಂತೆ ಪದರಪದರವಾಗಿ ಏಳುತ್ತದಂತೆ. ಮನೆಯ ಮಾಡಿಗೆ ಅದೇ ಕಲ್ಲು, ಹಿತ್ತಲ ಬೇಲಿಗೆ ಅದೇ ಕಲ್ಲು, ಗೋರಿಗೂ ಅದೇ ಕಲ್ಲು. ಮಕ್ಕಳು ಶಾಲೆಯಲ್ಲಿ ಬರೆಯುವ ಪಾಟಿಯೂ ಅದೇ ಕಲ್ಲು. ನಾನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಪಾಟಿ ಎಲ್ಲಿಯದೋ ನನಗೆ ಗೊತ್ತಿಲ್ಲ. ಸಾಹೇಬನ ಊರಿನದೇ ಎಂದು ನಾನು ಅಂದೇ ನಿಶ್ಚಯಿಸಿದೆ. ವರ್ಷವೆಲ್ಲ ಮಳೆ. ಮಾಡಿನ ಮೇಲೆ ಮಳೆ, ಕುರಿಗಳ ಮೇಲೆ ಮಳೆ. ಪ್ರಾರ್ಥನೆಯ ಮನೆಯಲ್ಲಿ ಮೂರ್ತಿ ಇಲ್ಲ, ಹಾಡು ಮಾತ್ರ.

ಊರಿನ ಅರ್ಧ ಜನಕ್ಕೆ ಜೋನ್ಸ್ ಎಂಬ ಒಂದೇ ಅಡ್ಡಹೆಸರಂತೆ. ಗುರುತಿಗಾಗಿ ಕಸುಬು ಸೇರಿಸಿ ಕರೆಯುತ್ತಾರಂತೆ. ರೊಟ್ಟಿಯ ಜೋನ್ಸ್, ಹಾಲಿನ ಜೋನ್ಸ್, ಟಪಾಲಿನ ಜೋನ್ಸ್, ಹೆಣದ ಪೆಟ್ಟಿಗೆ ಮಾಡುವ ಜೋನ್ಸ್.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹೇಲು ಬಳಿಯೋ ಜೋನ್ಸ್ ಎಲ್ಲಿರ್ತಾನ?"

"ಅಂಥವನು ಇಲ್ಲ."

"ಮತ್ತ ಯಾರು ಬಳೀತಾರ?"

"ಅವರವರ ಮನೆಯದು ಅವರವರೇ. ತೋಟಕ್ಕೆ ಹಾಕುತ್ತಾರೆ. ನನ್ನ ಅಪ್ಪ ಶನಿವಾರ ಬಳಿಯುತ್ತಿದ್ದ."

ಹೆಂಗಸರಲ್ಲಿ ಒಬ್ಬಳು ನಕ್ಕಳು. ಎಲ್ಲರೂ ನಕ್ಕರು. ಸಾಹೇಬನ ಅಪ್ಪ ಶನಿವಾರ ಬಕೀಟು ಹಿಡಿದು ಹೋಗುವುದನ್ನು ಒಬ್ಬಳು ನಡೆದು ತೋರಿಸಿದಳು. ಅಕ್ಕ ನಗಲಿಲ್ಲ.

"ನಿಮ್ಮೂರಾಗ ಹೊಲಗೇರಿ ಯಾವ ದಿಕ್ಕಿಗದ?"

"ಇಲ್ಲ."

"ಎಲ್ಲಾ ಊರಾಗೂ ಇರ್ತದ. ನೀ ನೋಡಿಲ್ಲ."

ಸಾಹೇಬ ಯೋಚಿಸಿದ. ಗುಡ್ಡದ ಆಚೆ ಖಣಿಯ ಒಡೆಯನ ಅರಮನೆ ಇದೆ ಎಂದ. ಅದರ ಸುತ್ತ ಎತ್ತರದ ಗೋಡೆ ಇದೆ ಎಂದ. ಒಡೆಯನ ಭಾಷೆ ಇಂಗ್ಲಿಷ್. ತಮ್ಮ ಭಾಷೆ ಅವನಿಗೆ ಹೊಲಸು. ತಾನು ಸಣ್ಣವನಿದ್ದಾಗ ಶಾಲೆಯಲ್ಲಿ ತಾಯಿಮಾತು ಆಡಿದ್ದಕ್ಕೆ ಮಾಸ್ತರ ಕೊರಳಿಗೆ ಮರದ ತುಂಡು ಕಟ್ಟಿ ಸಂಜೆಯವರೆಗೆ ನಿಲ್ಲಿಸಿದ್ದ. ಅವನು ಕೊರಳು ಮುಟ್ಟಿ ತೋರಿಸಿದ.

ಅಕ್ಕ ಅವನ ಕೊರಳನ್ನು ನೋಡಿದಳು. ಪೇಶವೆಯರ ಕಾಲದಲ್ಲಿ ಪುಣೆಯ ಬೀದಿಯಲ್ಲಿ ನಡೆಯಬೇಕಾದರೆ ನಮ್ಮವರ ಕೊರಳಿಗೆ ಉಗುಳಲು ಮಡಿಕೆ ಕಟ್ಟುತ್ತಿದ್ದರು. ಈ ಮಾತನ್ನು ಹಿರಿಯರಿಂದ ಕೇಳಿದ್ದೆವು.

"ತಿಳೀತು," ಎಂದಳು. "ನಿಮ್ಮೂರಾಗ ಕೇರಿ ಇಲ್ಲ. ಊರಿಗೂರs ಕೇರಿ."

ಸಾಹೇಬ ಈ ಮಾತನ್ನು ತನ್ನ ಭಾಷೆಯಲ್ಲಿ ತನಗೇ ಹೇಳಿಕೊಂಡ. ಬಹಳ ದಿನ ಹೇಳಿಕೊಂಡ.

ಹೆಂಗಸರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ಯಾಬನ್. ಅದು ಸಾಹೇಬನ ಊರಿನ ಖಣಿಯಲ್ಲಿದ್ದ ಕಲ್ಲಿನ ಗುಡಿಸಲು. ಮಧ್ಯಾಹ್ನ ಕಲ್ಲು ಒಡೆಯುವವನು, ಹೊರುವವನು, ಸೀಳುವವನು ಎಲ್ಲರೂ ಅದರೊಳಗೆ ಒಂದೇ ಒಲೆಯ ಸುತ್ತ ಕೂಡುತ್ತಾರಂತೆ. ಒಂದೇ ಕೆಟಲಿನ ಚಹಾ. ತಮ್ಮೊಳಗೆ ಒಬ್ಬನನ್ನು ಅಧ್ಯಕ್ಷನಾಗಿ ಆರಿಸುತ್ತಾರಂತೆ. ಅವನ ಅಪ್ಪಣೆ ಇಲ್ಲದೆ ಯಾರೂ ಹಾಡುವಂತಿಲ್ಲ, ಜಗಳವಾಡುವಂತಿಲ್ಲ.

"ಹೊರೋರೂ ಒಳಗs?" ಎಂದು ಅಕ್ಕ ಕೇಳಿದಳು.

"ಒಳಗೇ."

"ಕೆಟಲಿ ಯಾರು ಮುಟ್ತಾರ?"

"ಯಾರ ಕೈಗೆ ಹತ್ತಿರವೋ ಅವರು."

ಅವಳು ಚಪ್ಪರದ ಕಡೆ ನೋಡಿದಳು. ಚಪ್ಪರದ ಅರ್ಧ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು.

ಒಮ್ಮೆ ಒಡೆಯ ಅವರ ಸಂಘ ಬೇಡವೆಂದನಂತೆ. ಊರೆಲ್ಲ ಕೆಲಸ ಬಿಟ್ಟಿತಂತೆ. ಒಡೆಯ ಖಣಿಯ ಬಾಗಿಲಿಗೆ ಬೀಗ ಹಾಕಿದನಂತೆ. ಕೆಲವರು ಹಸಿವು ತಾಳದೆ ಕದ್ದು ಕೆಲಸಕ್ಕೆ ಹೋದರಂತೆ. ಆಗ ಹೋಗದವರು ತಮ್ಮ ಕಿಟಕಿಗೆ ಒಂದು ಚೀಟಿ ಅಂಟಿಸಿದರಂತೆ. 'ಈ ಮನೆಯಲ್ಲಿ ದ್ರೋಹಿ ಇಲ್ಲ.' ಬೀದಿಯ ಉದ್ದಕ್ಕೂ, ಕಿಟಕಿಗೊಂದು ಚೀಟಿ.

ಈ ಕಥೆಯನ್ನು ಸಾಹೇಬ ಊಟದ ಹೊತ್ತಿನಲ್ಲಿ ದಿನಕ್ಕಿಷ್ಟು ಹೇಳಿದ. ಚೀಟಿಯ ಮಾತಿಗೆ ಬಂದಾಗ ಗಂಟೆ ಹೊಡೆಯಿತು. ಮರುದಿನ ಅವನು ಕುರಿಗಳ ಮಾತು ತೆಗೆದ. ಕೊನೆ ಏನಾಯಿತೆಂದು ನಾವು ಕೇಳಲಿಲ್ಲ. ಪುರಾಣ ಕೇಳಿ ಬೆಳೆದವರು ನಾವು. ನಡುವೆ ವನವಾಸ ಬಂದರೂ ಕೊನೆಗೆ ಮಂಗಳಾರತಿ. ಅವರು ಗೆದ್ದರೆಂದು ಎಲ್ಲರೂ ತಿಳಿದೆವು.

ಮುಂದಿನ ಬೇಸಿಗೆ ಬಂತು. ಗುಂಡಿ ಒಲೆಯಂತಾಯಿತು. ಪಾರವ್ವ ಬಸುರಿ. ಆರು ತಿಂಗಳಾಗಿತ್ತು. ಆದರೂ ಹೊರುತ್ತಿದ್ದಳು. ಹೊರದಿದ್ದರೆ ಕೂಲಿ ಇಲ್ಲ.

ಒಂದು ಮಧ್ಯಾಹ್ನ ಅವಳು ಗುಂಡಿಯಿಂದ ಬಂದು ಚಪ್ಪರದ ಮುಂದೆ ಬೊಗಸೆ ಒಡ್ಡಿ ಕೂತಳು. ಏಕನಾಥ ತಂಬಾಕು ತಿಕ್ಕುತ್ತಿದ್ದ. ತಿಕ್ಕಿ, ಸುಣ್ಣ ಹಾಕಿ, ಮತ್ತೆ ತಿಕ್ಕಿ, ಬಾಯಿಗೆ ಹಾಕಿಕೊಂಡ. ಆಮೇಲೆ ತಂಬಿಗೆ ಎತ್ತಿದ. ಉಳಿಯವರಲ್ಲಿ ಒಬ್ಬ, "ಇನ್ನಷ್ಟು ಮ್ಯಾಲೆ ಹಿಡಿ, ಬೊಗಸಿ ದೊಡ್ಡದದ," ಎಂದ. ಏಕನಾಥ ಎತ್ತರಕ್ಕೆ ಹಿಡಿದು ಸುರಿದ. ನೀರು ಪಾರವ್ವನ ಬೊಗಸೆ ತಪ್ಪಿ ಮುಖಕ್ಕೆ, ಕೊರಳಿಗೆ, ಹೊಟ್ಟೆಗೆ ಬಿತ್ತು. ಚಪ್ಪರದಲ್ಲಿ ನಗೆ ಎದ್ದಿತು. ಪಾರವ್ವ ಬೊಗಸೆ ಹಾಗೆಯೇ ಹಿಡಿದು ಪಕ್ಕಕ್ಕೆ ಉರುಳಿದಳು.

ನಾನು ಸುತ್ತಿಗೆ ಬಿಟ್ಟು ಓಡಿ ಬಂದೆ. ಅಷ್ಟರಲ್ಲಿ ಅಕ್ಕ ಎದ್ದಿದ್ದಳು.

ಅವಳು ಕೂಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು. ಚಪ್ಪರದೊಳಗೆ ನಡೆದಳು. ಉಳಿಯವರು ರೊಟ್ಟಿ ಹಿಡಿದುಕೊಂಡು ಎರಡೂ ಕಡೆ ಹಾರಿದರು. ಅವಳು ಏಕನಾಥನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಪೀಪಾಯಿಯಲ್ಲಿ ಮುಳುಗಿಸಿದಳು. ಅವಳ ಕೈ ಮೊಣಕೈವರೆಗೆ ನೀರಿನಲ್ಲಿ ಇಳಿಯಿತು. ಬಂದು ಪಾರವ್ವನ ತಲೆ ಎತ್ತಿ ತೊಡೆಯ ಮೇಲಿಟ್ಟು ತಂಬಿಗೆಯ ಬಾಯನ್ನು ಅವಳ ತುಟಿಗೆ ಹಚ್ಚಿದಳು. ಅವಳು ಕುಡಿದ ಮೇಲೆ ತಾನು ಕುಡಿದಳು. ಎತ್ತಿ ಅಲ್ಲ. ಕಚ್ಚಿ ಕುಡಿದಳು.

"ತಣ್ಣಗದ," ಎಂದಳು. "ಒಳಗಿಂದು ಭಾಳ ತಣ್ಣಗದ, ನೋಡ್ರೆವ್ವಾ."

ಮಾರ್ತಾಂಡ ಸೇಠ ಬಂದ. ಪೀಪಾಯಿಯನ್ನು ಉರುಳಿಸಲು ಹೇಳಿದ. ಆ ಬಿಸಿಲಿನಲ್ಲಿ ಅಷ್ಟು ನೀರು ನಮ್ಮ ಕಾಲ ಮುಂದೆ ಹರಿದು ಹೋಯಿತು. ಆಮೇಲೆ ಹೇಳಿದ. ಈ ಹೆಂಗಸು ಚಪ್ಪರವನ್ನು ಸೆಗಣಿಯಿಂದ ಸಾರಿಸಬೇಕು. ಉಳಿಯವರ ಮುಂದೆ ಅಡ್ಡ ಬೀಳಬೇಕು. ಇಲ್ಲದಿದ್ದರೆ ಕೇರಿಯವರೆಲ್ಲರ ಕೆಲಸ ಬಂದ್.

ಅಕ್ಕ ತನ್ನ ಬುಟ್ಟಿ ಎತ್ತಿಕೊಂಡಳು. ಅದರಲ್ಲಿದ್ದ ಕಲ್ಲನ್ನು ಅಲ್ಲೇ ಸುರಿದಳು.

"ನಾ ಬೀಳೂದಿಲ್ಲ ಸೇಠಜಿ. ಕಲ್ಲು ಹೊತ್ತು ಹೊತ್ತು ನನ್ನ ಕುತ್ತಿಗಿ ಸೆಟದದ. ಬಗ್ಗೂದಿಲ್ಲ."

ನಡೆದಳು. ಅವಳ ಹಿಂದೆ ಒಂದೊಂದೇ ಬುಟ್ಟಿ ಬರಿದಾಯಿತು.

ಸಂಜೆ ಅವಳು ಬಾಗಿಲ ಮೇಲೆ ಮೊಳೆ ಹೊಡೆದು ಬುಟ್ಟಿಯನ್ನು ಬೋರಲಾಗಿ ತೂಗುಹಾಕಿದಳು. ಏನಿದು ಎಂದು ಕೇಳಿದೆ.

"ಸಾಹೇಬನ ಊರಾಗ ಚೀಟಿ ಅಂಟಿಸಿದ್ರು. ನಮ್ಮವರಿಗೆ ಚೀಟಿ ಓದಾಕ ಬರೂದಿಲ್ಲೋ ಗೂಳ್ಯಾ. ಬುಟ್ಟಿ ಎಲ್ಲಾರಿಗೂ ಓದಾಕ ಬರ್ತದ."

ಮರುದಿನ ಕೇರಿಯ ಎಲ್ಲ ಬಾಗಿಲಿಗೂ ಬೋರಲು ಬುಟ್ಟಿ. ಕೂಲಿಗಳ ಮೇಲಿದ್ದ ಸೇಠನ ಮುಕಾದಮ ಜೋಳದ ಚೀಲ ತಂದು, ಬುಟ್ಟಿ ನೆಟ್ಟಗೆ ಮಾಡಿದವರಿಗೆ ಕಾಳು ಎಂದು ಸಾರಿದ. ಸಿದ್ರಾಮಪ್ಪ ಎಂಬವನು ಮೆಲ್ಲನೆ ಬುಟ್ಟಿ ಇಳಿಸಿ ನೆಟ್ಟಗಿಟ್ಟ. ಅವನ ಮುದಿ ತಾಯಿ ಹೊರಗೆ ಬಂದಳು. ಬುಟ್ಟಿಯನ್ನು ಬೋರಲು ಹಾಕಿದಳು. ಅದರ ಮೇಲೆ ಕೂತಳು. ಸಂಜೆಯವರೆಗೆ ಏಳಲಿಲ್ಲ. ಸಿದ್ರಾಮಪ್ಪ ಅವಳಿಗೆ ಅಲ್ಲಿಯೇ ಊಟ ತಂದುಕೊಟ್ಟ.

ನಾವು ಸೌದೆ ಕಡಿದು ತಳೇಗಾಂವದಲ್ಲಿ ಮಾರಿದೆವು. ಸೊಪ್ಪು ಬೇಯಿಸಿ ತಿಂದೆವು. ಬೆಳಿಗ್ಗೆ ಹೆಂಗಸರು ಗುಂಡಿಯ ಅಂಚಿನಲ್ಲಿ ನಿಂತು ವಿಠಲನ ನಾಮ ಹಾಡುತ್ತಿದ್ದರು. ಸಾಹೇಬ ಅವರಿಗೆ ತನ್ನ ಊರಿನ ರೀತಿಯಲ್ಲಿ ಅರ್ಧ ಜನ ಮೇಲಿನ ಸ್ವರ, ಅರ್ಧ ಜನ ಕೆಳಗಿನ ಸ್ವರ ಹಾಡಲು ಕಲಿಸಿದ್ದ. ಖಾಲಿ ಗುಂಡಿಯಲ್ಲಿ ಆ ಹಾಡು ತಿರುಗಿ ತಿರುಗಿ ಕೇಳಿಸುತ್ತಿತ್ತು. ಸೇಠ ದೇಹೂವಿನ ವಿಠಲನ ಭಕ್ತ. ಏಕಾದಶಿ ತಪ್ಪಿಸುತ್ತಿರಲಿಲ್ಲ. ಅವನು ಕಿವಿಗೆ ಪಂಚೆ ಸುತ್ತಿಕೊಂಡು ಓಡಾಡಿದ. ಪೊಲೀಸರನ್ನು ಕರೆಸಿದ. ಹವಾಲ್ದಾರ ಬಂದ. ಹಾಡು ಕೇಳಿದ. ಬೂಟು ಬಿಚ್ಚಿಟ್ಟು ಚಪ್ಪಾಳೆ ಹಾಕುತ್ತ ನಿಂತ. ಹಾಡು ಮುಗಿದ ಮೇಲೆ ಬೂಟು ಹಾಕಿಕೊಂಡು ಹೋದ.

ಗುಂಡಿಯಲ್ಲಿ ಕಸ ತುಂಬಿತು. ಕಸ ತೆಗೆಯದೆ ಮುಂದಿನ ಸುರಂಗ ಕೊರೆಯುವಂತಿಲ್ಲ. ಉಳಿಯವರು ಕೆಲಸವಿಲ್ಲದೆ ಚಪ್ಪರದಲ್ಲಿ ಕೂತರು. ಸೇಠ ಅವರಿಗೇ ಬುಟ್ಟಿ ಕೊಟ್ಟ. ಕೃಷ್ಣಾಜಿ ಒಂದು ಬುಟ್ಟಿ ತಲೆಗೆ ಇಟ್ಟುಕೊಂಡು ಅರ್ಧ ಏರಿ ಬಂದ. ಅಲ್ಲಿಂದ ಬುಟ್ಟಿ ಕೆಳಗೆ, ಕೃಷ್ಣಾಜಿ ಅದರ ಹಿಂದೆ. ಅಂಚಿನಲ್ಲಿ ನಿಂತಿದ್ದ ಅಕ್ಕ ಹಾಡು ನಿಲ್ಲಿಸಿ, "ಸಿಂಬಿ ಮರ್ತ್ರಿ, ಕೃಷ್ಣಾಜಿ," ಎಂದಳು.

ಆದರೆ ಹಸಿವು ಹಸಿವೇ. ಮಕ್ಕಳು ಅಳತೊಡಗಿದವು. ಕೆಲವರು ಬುಟ್ಟಿಯ ಕಡೆ ನೋಡತೊಡಗಿದರು. ಆಗ ಒಂದು ಸಂಜೆ ಓವನ್ ಸಾಹೇಬ ಕೇರಿಗೆ ಬಂದ. ಕೇರಿಗೆ ಹೋಗಬೇಡವೆಂದು ಸೇಠ ಅವನಿಗೆ ತಾಕೀತು ಮಾಡಿದ್ದ. ಅವನು ಬಾಗಿಲುಗಳ ಮೇಲಿನ ಬುಟ್ಟಿಗಳನ್ನು ಒಂದೊಂದಾಗಿ ನೋಡುತ್ತ ಬಂದ. ಅಕ್ಕನ ಬಾಗಿಲ ಮುಂದೆ ಬಂದಾಗ ಅವನ ಮುಖ ಬಿಳುಪಾಗಿತ್ತು.

"ಸಾವಂತ್ರಿಬಾಯಿ, ನಾನು ಕೊನೆ ಹೇಳಲಿಲ್ಲ," ಎಂದ.

"ಯಾವ ಕೊನಿ?"

"ನಾವು ಸೋತೆವು."

ಕೇರಿಯವರೆಲ್ಲ ಸುತ್ತ ನೆರೆದರು. ಅವನು ಹೇಳಿದ. ಮೂರು ವರ್ಷ ಹಿಡಿದುಕೊಂಡೆವು. ಕೊನೆಗೆ ತಲೆ ತಗ್ಗಿಸಿ ತಿರುಗಿ ಹೋದೆವು. ಚೀಟಿ ಅಂಟಿಸಿದವರಲ್ಲಿ ಎಷ್ಟೋ ಜನಕ್ಕೆ ಮತ್ತೆ ಕೆಲಸ ಕೊಡಲಿಲ್ಲ. ನನಗೂ ಕೊಡಲಿಲ್ಲ. ಅದಕ್ಕೇ ನಾನು ಸಮುದ್ರ ದಾಟಿ ಇಲ್ಲಿಗೆ ಬಂದೆ. ಗೆದ್ದಿದ್ದರೆ ನನ್ನ ಊರನ್ನು ಏಕೆ ಬಿಡುತ್ತಿದ್ದೆ?

ನಾನು ಅಕ್ಕನ ಮುಖ ನೋಡಿದೆ. ಅವಳು ಸೊಂಟಕ್ಕೆ ಎರಡೂ ಕೈ ಇಟ್ಟು ನಿಂತಿದ್ದಳು.

"ನಿನ್ನ ಬಾಯಾಗ ಮಣ್ಣು ಬೀಳಲಿ," ಎಂದಳು. "ಸೋತೋರ ಕಥಿ ಹೇಳಿ ನಮ್ಮನ್ನ ಬೀದಿಗೆ ಎಬ್ಬಿಸಿದಿ? ಹದಿನೈದು ದಿನ ಆತು, ನಾವು ಗೆದ್ದೋರ ಹಿಂದ ಹೊಂಟೀವಂತ ತಿಳಕೊಂಡು ಉಪವಾಸ ಅದೀವಿ."

ಪಾರವ್ವ ನಕ್ಕುಬಿಟ್ಟಳು. ಹೊಟ್ಟೆ ಹಿಡಿದು ನಕ್ಕಳು. ಒಬ್ಬರಿಂದ ಒಬ್ಬರಿಗೆ ಹತ್ತಿತು. ಸಿದ್ರಾಮಪ್ಪನ ತಾಯಿ ಬುಟ್ಟಿಯ ಮೇಲಿಂದ ಉರುಳಿ ಬಿದ್ದು ನಕ್ಕಳು. ಸಾಹೇಬ ಒಬ್ಬನೇ ಅಳುತ್ತಿದ್ದ.

ಅಕ್ಕ ಅವನನ್ನು ಕೂಡಿಸಿದಳು. ಮನೆಯಲ್ಲಿ ಉಳಿದಿದ್ದ ಒಂದು ರೊಟ್ಟಿಯನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು.

"ಅಳಬ್ಯಾಡ. ನಿಮ್ಮೂರಿಗೆ ಕೊನಿ ಕಟ್ಟಾಕ ಬರಲಿಲ್ಲ. ನಾವು ಕಟ್ತೀವಿ. ಆಮ್ಯಾಲೆ ನಿಮ್ಮೂರಿಗೆ ಹೋಗಿ ಹೇಳು."

ಆ ರಾತ್ರಿ ಒಂದು ಬುಟ್ಟಿಯೂ ಕೆಳಗೆ ಇಳಿಯಲಿಲ್ಲ. ಗೆಲ್ಲುತ್ತೇವೆ ಎಂಬ ನಂಬಿಕೆಯಿಂದ ಅಷ್ಟು ದಿನ ಹಿಡಿದಿದ್ದೆವು. ಆ ನಂಬಿಕೆ ಹೋಯಿತು. ಹೋದ ಮೇಲೂ ಹಿಡಿದೆವು. ಇದು ನನಗೆ ಇಂದಿಗೂ ದೇವರ ಕೆಲಸವೆಂದೇ ತೋರುತ್ತದೆ.

ಮಳೆಗಾಲ ಹತ್ತಿರ ಬಂತು. ಅದಕ್ಕೆ ಮುಂಚೆ ರೈಲಿನವರಿಗೆ ಕಲ್ಲು ಹೋಗಬೇಕಿತ್ತು. ಸೇಠ ತಾನೇ ಕೇರಿಯ ಬಾಯಿಗೆ ಬಂದ. ಒಳಗೆ ಬರಲಿಲ್ಲ. ನಿಮಗೆ ಬೇರೆ ಪೀಪಾಯಿ ಕೊಡುತ್ತೇನೆ, ಬೇರೆ ಚಪ್ಪರ ಹಾಕಿಸುತ್ತೇನೆ ಎಂದ. ನಮ್ಮಲ್ಲಿ ಅನೇಕರಿಗೆ ಇದು ದೊಡ್ಡದಾಗಿ ಕಂಡಿತು. ನನಗೂ ಕಂಡಿತು. ಬೇರೆಯಾದರೂ ನೆರಳು ನೆರಳೇ ಅಲ್ಲವೇ ಎಂದೆ.

ಅಕ್ಕ ನನ್ನ ಕಡೆ ನೋಡಲೂ ಇಲ್ಲ.

"ಸೇಠಜಿ, ಚಪ್ಪರದಾಗ ಅರ್ಧ ಜಾಗಾ ಖಾಲಿ ಬಿದ್ದದ. ಇನ್ನೊಂದು ಯಾಕ ಹಾಕ್ತೀರಿ? ತಟ್ಟಿ, ಬಿದಿರು ದಂಡ. ನಿಮಗs ಲುಕ್ಸಾನ ಆಗ್ತದ. ನಿಮ್ಮ ಕಾಳಜಿ ನಮಗದ."

ಸೇಠ ಸಿಟ್ಟಿನಿಂದ ಹೋದ. ಎರಡು ದಿನ ಕಳೆದು ಮೋಡ ಕಾಣಿಸಿತು. ಮೋಡದ ಹಿಂದೆಯೇ ಮುಕಾದಮ ಬಂದ. ಸೇಠ ಇನ್ನು ಚಪ್ಪರದ ಕಡೆ ನೋಡುವುದಿಲ್ಲ, ಯಾರು ಎಲ್ಲಿ ಕೂತರೂ ಅವನಿಗೆ ತಿಳಿಯದು, ಕೆಲಸಕ್ಕೆ ಬನ್ನಿ ಎಂದು ಹೇಳಿದ.

ಹೋದೆವು. ಮಧ್ಯಾಹ್ನ ಗಂಟೆ ಹೊಡೆಯಿತು. ಹೆಂಗಸರು ಚಪ್ಪರಕ್ಕೆ ಬಂದರು. ಪೀಪಾಯಿಯ ಹತ್ತಿರ ಏಕನಾಥ ತಂಬಿಗೆ ಹಿಡಿದು ನಿಂತಿದ್ದ. ಅಕ್ಕ ಅವನ ಮುಂದೆ ನಿಂತಳು. ಬೊಗಸೆ ಒಡ್ಡಲಿಲ್ಲ. ಕೈ ಚಾಚಿದಳು. ಅವನು ಉಳಿಯವರ ಕಡೆ ನೋಡಿದ. ಅಕ್ಕನ ಕಡೆ ನೋಡಿದ. ತಂಬಿಗೆಯನ್ನು ಪೀಪಾಯಿಯ ಮುಚ್ಚಳದ ಮೇಲೆ ಇಟ್ಟು ಪಕ್ಕಕ್ಕೆ ಸರಿದ. ಕೈಗೆ ಕೊಡಲಿಲ್ಲ. ಆ ದಿನ ಅವನಿಗೆ ಅಷ್ಟೇ ಆಯಿತು. ಅಷ್ಟೇ ಸಾಕಾಯಿತು.

ಕೃಷ್ಣಾಜಿ ಮತ್ತು ಅವನ ಜನ ರೊಟ್ಟಿಯ ಗಂಟು ಎತ್ತಿಕೊಂಡು ಹೊರಗೆ ಹೋದರು. ನಾವು ಕೂತ ನೆರಳಿನಲ್ಲಿ ಅವರು ಕೂಡುವುದಿಲ್ಲವಂತೆ. ನಾವು ಇಷ್ಟು ವರ್ಷ ಕೂತಿದ್ದ ಬಿಸಿಲಿನಲ್ಲಿ ಕೂತರು. ಮೋಡ ಬಂದದ್ದು ಸುಳ್ಳಾಗಿತ್ತು. ಸೂರ್ಯ ಪೂರ್ತಿ ಇದ್ದ.

"ಕರೀಬ್ಯಾಡ್ರಿ," ಎಂದು ಅಕ್ಕ ಹೆಂಗಸರಿಗೆ ಹೇಳಿದಳು. "ಹೇಳೋದು ಸೂರ್ಯಪ್ಪ ಹೇಳ್ತಾನ."

ಮೊದಲ ದಿನ ಎಲ್ಲರೂ ಹೊರಗೆ. ಮರುದಿನ ಒಬ್ಬ ಮುದುಕ ಚಪ್ಪರದ ಅಂಚಿಗೆ ಬಂದ, ತಲೆ ಮಾತ್ರ ನೆರಳಿನಲ್ಲಿ ಇಟ್ಟ. ಆಮೇಲೆ ಅವನ ಭುಜ ಬಂತು. ಆಮೇಲೆ ಇನ್ನೊಬ್ಬ. ಕೊನೆಗೆ ಕೃಷ್ಣಾಜಿಯೂ ಬಂದ. ಅವನು ನಮ್ಮ ಕಡೆ ಬೆನ್ನು ಮಾಡಿ ಕೂತ. ಬೆನ್ನು ಮಾಡಿ ಕೂತವನು ಹಾಡಿನ ಹೊತ್ತಿಗೆ ಕಾಲಿನಿಂದ ತಾಳ ಹಾಕುತ್ತಿದ್ದ.

ಅಕ್ಕ ಅಧ್ಯಕ್ಷಳಾದಳು. ಆರಿಸಿದವರು ಯಾರೂ ಇಲ್ಲ. ತಾನೇ ಆದಳು. ಹೆಂಗಸರು ಆ ಚಪ್ಪರಕ್ಕೆ ಕ್ಯಾಬನ್ ಎಂದೇ ಹೆಸರಿಟ್ಟರು. ಸಾಹೇಬನನ್ನೂ ಒಳಗೆ ಕರೆದರು. ಡಬ್ಬಿಯ ಬಗ್ಗೆ ಯಾರೂ ಕೇಳಲಿಲ್ಲ. ಶ್ರಾವಣದಲ್ಲಿ ಪಾರವ್ವ ಹೆಣ್ಣು ಹೆತ್ತಳು.

ಮುಂದಿನ ವರ್ಷ ಸಾಹೇಬ ತನ್ನ ಊರಿಗೆ ಹೊರಟ. ಹೋಗುವಾಗ ಅಕ್ಕನಿಗೆ ಒಂದು ತೆಳ್ಳನೆಯ ನೀಲಿ ಕಲ್ಲು ಕೊಟ್ಟ. ಅವನ ಮನೆಯ ಮಾಡಿನದಂತೆ. ಅಕ್ಕ ಅದನ್ನು ದೇವರ ಗೂಡಿನಲ್ಲಿ ಇಟ್ಟು ಅದರ ಮೇಲೆ ವಿಠಲನ ಮಣ್ಣಿನ ಮೂರ್ತಿ ನಿಲ್ಲಿಸಿದಳು. ದೇವರು ಇಟ್ಟಿಗೆಯ ಮೇಲೆ ನಿಲ್ಲಬೇಕಲ್ಲ ಎಂದು ನಾನು ಕೇಳಿದ್ದೆ. "ಇಟ್ಟಿಗಿ ಮ್ಯಾಲ ನಿಂತು ನಿಂತು ಕಾಲು ನೊಂದಾವು. ಇದು ತಣ್ಣಗಿರ್ತದ," ಎಂದಿದ್ದಳು.

ಏಕನಾಥ ಕ್ರಮೇಣ ನಮ್ಮ ಹತ್ತಿರ ಬಂದ. ವರ್ಷಗಳು ಹಿಡಿದವು. ಹೆಂಡತಿ ಸತ್ತ ಮೇಲೆ ಒಬ್ಬಂಟಿಯಾದ. ಅಕ್ಕ ಅವನನ್ನು ಬೈದು ಬೈದು ಊಟಕ್ಕೆ ಕೂಡಿಸುತ್ತಿದ್ದಳು. ಈ ವರ್ಷ ಪಂಢರಪುರದ ವಾರಿಗೆ ಇಬ್ಬರೂ ಒಂದೇ ದಿಂಡಿಯಲ್ಲಿ ನಡೆದರು.

ಗಂಟು ತಂದ ದಿನ ಏಕನಾಥ ಎಲ್ಲವನ್ನೂ ಹೇಳಿದ. ಬೇವಿನ ಕೆಳಗೆ ಅಕ್ಕ ಕೂತಳಂತೆ. ನೀರು ಕೇಳಿದಳಂತೆ. ಅವನು ತಂಬಿಗೆ ತಂದಾಗ ಅವಳು ಬೊಗಸೆ ಒಡ್ಡಿದಳಂತೆ.

"ಸುರಿ, ಏಕ್ಯಾ. ಮ್ಯಾಲಿಂದ ಸುರಿ. ಕೈ ನೆನಪಿಟ್ಟದೇನು ನೋಡ್ತೀನಿ."

ಏಕನಾಥನ ಕಣ್ಣಲ್ಲಿ ನೀರು ಬಂತಂತೆ. ಅವಳು ನಕ್ಕಳಂತೆ. "ಮುದುಕಾ, ಚೇಷ್ಟಿ ತಿಳಿಯೂದಿಲ್ಲ ನಿನಗ. ಮೊದಲಿಂದ ಪೆದ್ದ," ಎಂದು ಬೈದು ತಂಬಿಗೆಯನ್ನು ಅವನ ಕೈಯಿಂದಲೇ ತೆಗೆದುಕೊಂಡು ಕಚ್ಚಿ ಕುಡಿದಳಂತೆ. ಉಳಿದದ್ದನ್ನು ಅವನಿಗೆ ಕೊಟ್ಟಳಂತೆ. ಅವನು ಕುಡಿದನಂತೆ. ಆಮೇಲೆ ಅವಳು ಮಲಗಿದಳು.

ಇಂದು ಅವಳ ಬುಟ್ಟಿಯನ್ನು ಹುಡುಕಿ ತೆಗೆದೆ. ತಳ ಸವೆದಿದೆ. ಅದನ್ನು ಬಾಗಿಲಿಗೆ ಬೋರಲಾಗಿ ತೂಗುಹಾಕಿದ್ದೇನೆ. ದೀಪ ಹಚ್ಚಿದ್ದೇನೆ. ನೀಲಿ ಕಲ್ಲಿನ ಮೇಲೆ ನಿಂತ ಸ್ವಾಮಿಯ ಮುಂದೆ ಪಾರವ್ವ, ಏಕನಾಥ, ನಾನು ಕೂತಿದ್ದೇವೆ.

ವಿಠಲಾ, ನನ್ನ ಅಕ್ಕ ನಿನ್ನ ಬಾಗಿಲಿಗೆ ಬಂದಿದ್ದಾಳೆ. ನೆತ್ತಿಯ ಮೇಲೆ ಬೋಳಾದ ಜಾಗವಿದೆ, ಅದೇ ಗುರುತು. ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಬೇಡ. ಸೊಂಟದ ಮೇಲಿಟ್ಟ ಕೈ ಒಂದನ್ನು ತೆಗೆ, ತಂಬಿಗೆಯನ್ನು ಅವಳ ಕೈಗೆ ಕೊಡು, ಮೇಲಿನಿಂದ ಸುರಿಯಬೇಡ. ಓವನ್ ಸಾಹೇಬನ ಸುದ್ದಿ ನಮಗೆ ತಿಳಿಯದು. ಅವನೂ ಅಲ್ಲಿಗೆ ಬಂದಿದ್ದರೆ ಇಬ್ಬರನ್ನೂ ಒಂದೇ ನೆರಳಿನಲ್ಲಿ ಕೂಡಿಸು, ಅವನಿಗೆ ಅವಳು ಕಥೆಯ ಕೊನೆ ಹೇಳಲಿ. ಸ್ವಾಮಿ, ಅವಳ ಆತ್ಮಕ್ಕೆ ಶಾಂತಿ ಕೊಡು. ಶಾಂತವಾಗಿ ಇರುವ ರೂಢಿ ಅವಳಿಗೆ ಇಲ್ಲ. ನೀನೇ ಮೆಲ್ಲಗೆ ಕಲಿಸಬೇಕು.